ಕಾರಿಗೆ ಮೆಮೊ ಕೊಟ್ಟ ಮಾವ

ಕೆಲಸಗಳ್ಳ ನೌಕರರಿಗೆ ಮೆಮೊ ಕೊಟ್ಟವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಕಾರಿಗೆ ಮೆಮೊ ಕೊಟ್ಟವರನ್ನು ನೋಡಿದ್ದೀರಾ? ಇಲ್ಲವಾದರೆ ವಾಡಿ ಊರಿಗೆ ಬಂದು ನಮ್ಮ ಸೋದರಮಾವನನ್ನು ನೋಡಬೇಕು!

ಮಾವ ರೈಲು ಎಂಜಿನ್ ಓಡಿಸಿ ನಿವೃತ್ತರಾದವರು. ಅತ್ತೆಯ ಕಣ್ಣು ಮಂಜಾಗತೊಡಗಿ, ತಿಂಗಳಿಗೊಮ್ಮೆ ಕಲಬುರಗಿಯ ಡಾಕ್ಟರ ಬಳಿ ಹೋಗುವುದು ಖಾಯಂ ಆದಮೇಲೆ ಕಾರು ಕೊಂಡರು. ಅದರೊಳಗೊಂದು ಕಂಪ್ಯೂಟರು, ಶಾಲೆ ಮಕ್ಕಳ ಪಾಟಿಯಷ್ಟು ದೊಡ್ಡ ಪರದೆ. ದಾರಿ ಹೇಳುತ್ತದೆ, ಬಾಗಿಲು ಸರಿಯಾಗಿ ಹಾಕದಿದ್ದರೆ ಗದರುತ್ತದೆ, ಗಾಲಿಯಲ್ಲಿ ಗಾಳಿ ಎಷ್ಟಿದೆಯೆಂದು ತೋರಿಸುತ್ತದೆ. ಎಲ್ಲ ಬಲ್ಲವರು ಒಂದು ಮನೆಗೆ ಒಬ್ಬರೇ ಸಾಕು, ಆ ಒಬ್ಬರು ತಾವೇ ಎಂಬುದು ಮಾವನ ನಂಬಿಕೆ. ಹೀಗಾಗಿ ಮೊದಲ ದಿನದಿಂದಲೇ ಮಾವನಿಗೂ ಕಂಪ್ಯೂಟರಿಗೂ ಜಟಾಪಟಿ.

ರೈಲಿನಲ್ಲೊಂದು ಪದ್ಧತಿಯಿದೆ. ಸಿಗ್ನಲ್ ಕಂಡಕೂಡಲೇ ಡ್ರೈವರ್ ಕೈ ಎತ್ತಿ ಬಾಯಿಬಿಟ್ಟು ಹೇಳಬೇಕು, ಪಕ್ಕದ ಸಹಾಯಕ ಅದನ್ನೇ ತಿರುಗಿ ಹೇಳಬೇಕು. ಕಾರಿನಲ್ಲೂ ಅದೇ ಕಾನೂನು. ಪರದೆ "ಎಡಕ್ಕೆ ತಿರುಗಿ" ಅಂದರೆ ಮಾವ ಕೈ ಎತ್ತಿ "ಎಡಕ್ಕ" ಅನ್ನುವರು. ಪಕ್ಕದ ಸೀಟಿನಿಂದ ಅತ್ತೆ "ಎಡಕ್ಕ" ಅನ್ನುವರು. ಇಷ್ಟಕ್ಕೇ ನಿಂತರೆ ಮಾವ ಹೇಗಾದಾರು? ಎದುರು ಬಂದ ಸಿಮೆಂಟ್ ಲಾರಿ, ಹಳ್ಳದ ನೀರು, ಹೂ ಬಿಟ್ಟ ತೊಗರಿ, ಎಲ್ಲದಕ್ಕೂ ಘೋಷಣೆ.

"ಎಮ್ಮಿ ಮೂರು, ಕರು ಒಂದು."

"ಎಮ್ಮಿ ಮೂರು, ಕರು ಒಂದು."

ಹಿಂದಿನ ಸೀಟಿನಲ್ಲಿ ಕೂತ ನನಗೆ ನಗು ತಡೆದುಕೊಳ್ಳುವುದೇ ಕೆಲಸ.

ಒಮ್ಮೆ ಶಹಾಬಾದಿನ ಹತ್ತಿರ ರಸ್ತೆ ಅಗೆದಿದ್ದರು. ಕಂಪ್ಯೂಟರು ಬೇರೆ ದಾರಿ ತೋರಿಸುತ್ತ ನಮ್ಮನ್ನು ಕಲ್ಲಿನ ಗಣಿಗೆ ತಂದು ನಿಲ್ಲಿಸಿತು. ಮುಂದೆ ಎರಡಾಳು ಆಳದ ಗುಂಡಿ. ಪರದೆ ಮಾತ್ರ "ನೇರವಾಗಿ ಹೋಗಿ" ಅನ್ನುತ್ತಲೇ ಇತ್ತು.

"ಏನ್ರಿ, ನೇರ ಹೋಗು ಅನ್ನಾಕತ್ತದಲ್ಲ?" ಅಂದರು ಅತ್ತೆ.

"ಅದಕ್ಕೇನ್ ಹೋಗ್ತದ? ಪೆನ್ಷನ್ ನಿಲ್ಲೋದು ನಂದು."

ಮನೆಗೆ ಬಂದವರೇ ಮಾವ ಕಾಗದ ತೆಗೆದರು. 'ಮುಂದೆ ದಾರಿ ಇಲ್ಲದಿದ್ದರೂ ಹೋಗಲು ಸೂಚಿಸಿದ್ದೇಕೆ? ಮೂರು ದಿನದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು.' ಪರದೆಯ ಕೆಳಗೆ ಅಂಟಿಸಿ ಸಹಿಯನ್ನೂ ಹಾಕಿದರು. ನಾಲ್ಕನೇ ದಿನ ನಾನು ಕೇಳಿದೆ: "ಜವಾಬು ಬಂತೇನ್ರಿ, ಮಾಮಾ?"

"ಇಲ್ಲ. ತಪ್ಪು ಒಪ್ಕೊಂಡಂಗಾತು."

ಕಳೆದ ತಿಂಗಳು ಡಾಕ್ಟರು, ಅತ್ತೆಯ ಹೋದ ದೃಷ್ಟಿ ಇನ್ನು ಮರಳುವುದಿಲ್ಲ ಎಂದುಬಿಟ್ಟರು. ಅದಾದ ವಾರಕ್ಕೆ ಸೇಡಂನಲ್ಲಿ ಮದುವೆ. ಅತ್ತೆ ಬರಲೊಲ್ಲೆ ಅಂದದ್ದಕ್ಕೆ ಅವರ ಸೀಟಿನಲ್ಲಿ ನಾನು ಕೂತೆ. ಪರದೆ "ಬಲಕ್ಕೆ ತಿರುಗಿ" ಅಂದಿತು. ಮಾವ ತೆಪ್ಪಗೆ ತಿರುಗಿಸಿದರು. ಚಿತ್ತಾಪುರ ದಾಟಿದರೂ ಅವರ ಬಾಯಿಂದ ಒಂದು ಮಾತಿಲ್ಲ. ತಮಾಷೆಗೆಂದು ನಾನೇ ಕೈ ಎತ್ತಿ "ಎಮ್ಮಿ ಎರಡು" ಅಂದೆ. ಮಾವ ತಿರುಗಿ ಹೇಳಲಿಲ್ಲ.

"ಯಾಕ್ರಿ ಮಾಮಾ, ಇವತ್ತ ಏನೂ ಹೇಳವಲ್ರಿ?"

"ನಿನಗ ಕಾಣಸ್ತದಲ್ಲಪ."

ಇಷ್ಟು ದಿನ ನಕ್ಕದ್ದೆಲ್ಲ ನೆನಪಾಗಿ ನನಗೆ ಬಹಳ ನಾಚಿಕೆಯಾಯಿತು. ಸ್ವಲ್ಪ ದೂರ ಹೋದಮೇಲೆ ಮಾವನೇ ಕೇಳಿದರು: "ಎರಡಾ ಅಂದಿ? ನೆನಪಿಟ್ಕೋ. ಮನಿಗಿ ಹೋದಕೂಡ್ಲೆ ನಿಮ್ಮತ್ತಿ ಕೇಳ್ತಾಳ."

ಸೇಡಂ ಬರುವವರೆಗೂ ನಾನು ಎಣಿಸುತ್ತಲೇ ಇದ್ದೆ.