ಎಡಗಡೆಯ ಹಿಂದಿನ ಗಾಲಿ

ಎಲ್ಲರ ಕಾರಿಗಿರುವಂತೆ ಬಸಂತರಾಯನ ಕಾರಿಗೂ ನಾಲ್ಕೇ ಗಾಲಿ. ಅವುಗಳಲ್ಲಿ ಮೂರರ ಮೇಲೆ ಅವನ ಅಧಿಕಾರ ನಡೆಯುತ್ತಿತ್ತು. ಎಡಗಡೆಯ ಹಿಂದಿನ ಗಾಲಿ ಮಾತ್ರ ಹೆಂಡತಿ ಶೈಲಶ್ರೀಯ ಸ್ವತಂತ್ರ ಸಂಸ್ಥಾನ. ಅದಕ್ಕೆ ಯಾರೂ ಗಾಳಿ ಹಿಡಿಸಬಾರದು, ಯಾರೂ ಗಾಳಿ ಬಿಡಬಾರದು. ಕಾಲಿನಿಂದ ಒದ್ದು ನೋಡುವುದಂತೂ ಮಹಾಪರಾಧ. ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತಿಕೆ ಮಾಡಿ ಮೂವರು ಹೆಡ್‌ಮಾಸ್ತರರನ್ನು ಅಂಕೆಯಲ್ಲಿಟ್ಟ ಮನುಷ್ಯ, ತನ್ನದೇ ಕಾರಿನ ಕಾಲುಭಾಗಕ್ಕೆ ಪರಕೀಯನಾಗಿದ್ದ. (ಉಳಿದ ಮುಕ್ಕಾಲು ಭಾಗಕ್ಕಾದರೂ ಯಜಮಾನನೇ ಎಂದು ಕೇಳಬೇಡಿ. ಹಾರ್ನ್ ಯಾವಾಗ ಒತ್ತಬೇಕೆಂಬುದನ್ನೂ ಪಕ್ಕದ ಸೀಟೇ ತೀರ್ಮಾನಿಸುತ್ತಿತ್ತು.)

ಇಷ್ಟೆಲ್ಲ ಮಡಿ ಯಾಕೆಂದರೆ, ಆ ಗಾಲಿಯಲ್ಲಿದ್ದದ್ದು ಶೈಲಶ್ರೀಯ ಅಪ್ಪ ತುಂಬಿದ ಗಾಳಿ.

ಮಗಳು ಕನ್ನೊಳ್ಳಿಯ ತವರಿನಿಂದ ಹೊರಟಾಗಲೆಲ್ಲ ಒಳಗೆ ತಾಯಿ ಗುರವ್ವ ಉಡಿ ತುಂಬುತ್ತಿದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ಕುಪ್ಪಸದ ಖಣ. ಅಷ್ಟು ಹೊತ್ತಿಗೆ ಹೊರಗೆ ಅಂಗಳದಲ್ಲಿ ಅಪ್ಪ ಸಿದ್ದಾರೂಢ ಕೈಪಂಪು ಹಿಡಿದು ಕಾರಿನ ನಾಲ್ಕೂ ಗಾಲಿಗೆ ಗಾಳಿ ಹಿಡಿಸುತ್ತಿದ್ದ. ಬೇಕಿರಲಿ ಬಿಡಲಿ, ಹಿಡಿಸದೆ ಕಳಿಸಿದ್ದಿಲ್ಲ. ಗುರವ್ವ ತೀರಿಕೊಂಡ ಮೇಲೆ ಉಡಿ ತುಂಬುವವರಿಲ್ಲವಾದರು. ಗಂಡಸು ಉಡಿ ತುಂಬುವ ಪದ್ಧತಿ ಆ ಮನೆಯಲ್ಲಷ್ಟೇ ಅಲ್ಲ, ಎಲ್ಲಿಯೂ ಇಲ್ಲ. ಮುದುಕ ಏನು ಮಾಡಿಯಾನು? ಪಂಪನ್ನೇ ಮೊದಲಿಗಿಂತ ಹೆಚ್ಚು ಹೊತ್ತು ಒತ್ತತೊಡಗಿದ.

ಕೊನೆಯ ಸಲ ಹೋದಾಗ ಅವನಿಗೆ ಮೈಯಲ್ಲಿ ತ್ರಾಣವಿರಲಿಲ್ಲ. ಎಡಗಡೆಯ ಹಿಂದಿನ ಗಾಲಿ ಒಂದು ಮುಗಿಯುವಷ್ಟರಲ್ಲಿ ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಕುಳಿತ. ಸುಧಾರಿಸಿಕೊಂಡು ಮತ್ತೆ ಎದ್ದನೇನೋ ನಿಜ. ಆದರೆ ಸ್ಟಿಯರಿಂಗ್ ಹಿಡಿದು ಕುಳಿತಿದ್ದ ಬಸಂತರಾಯ ಗಡಿಯಾರ ನೋಡಿ ಅಂದುಬಿಟ್ಟ: “ಸಾಕ್ ಬಿಡ್ರಿ ಮಾವಾ, ಬಿಸಲು ಏರ್ತೈತಿ.”

ಮುದುಕ ಪಂಪಿನ ಪೈಪು ಸುತ್ತಿಟ್ಟ. “ಆತು. ಉಳದ ಮೂರು ಮುಂದಿನ ಸಲ ಹಿಡಸ್ತೇನಿ” ಅಂದ. ಹತ್ತೊಂಬತ್ತನೆಯ ದಿನಕ್ಕೆ ಹೋಗಿಬಿಟ್ಟ.

ತವರಿನ ಸಾಮಾನು ಹಂಚಿಕೊಳ್ಳುವಾಗ ತಂಗಿ ವಿಜಯಶ್ರೀ ತಾಮ್ರದ ಹಂಡೆ ಕೇಳಿದಳು. ಶೈಲಶ್ರೀ ಕೇಳಿದ್ದು ಪಂಪು ಒಂದನ್ನೇ. ಅದು ಬಂದು ಅಡುಗೆಮನೆಯಲ್ಲಿ ಜೋಳದ ಡಬ್ಬಿಯ ಹಿಂದೆ ನಿಂತಿತು. ಬಸಂತರಾಯ ಆ ಕಡೆ ನೋಡುತ್ತಿರಲಿಲ್ಲ. ಆ ದಿನ ಬಿಸಿಲು ಏರಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಕಾರಿಗೆ ಏಸಿ ಇತ್ತು. ಈ ಒಂದು ಮಾತು ನೆನಪಾದಾಗಲೆಲ್ಲ ಅವನು ಅರ್ಧ ಊಟಕ್ಕೇ ಕೈ ತೊಳೆಯುತ್ತಿದ್ದ.

ಆಶ್ಚರ್ಯವೆಂದರೆ ಹನ್ನೊಂದು ತಿಂಗಳಾದರೂ ಆ ಗಾಲಿ ಒಂದು ಬೆರಳೂ ಇಳಿಯಲಿಲ್ಲ. ಕಂಪ್ರೆಸರಿನ ಗಾಳಿ ಕುಡಿದ ಉಳಿದ ಮೂರು ಗಾಲಿಗಳು ತಿಂಗಳಿಗೊಮ್ಮೆ ಸೊರಗುತ್ತಿದ್ದವು. ಇದು ಹಳೆಯ ಕಾಲದ ತೋಳಿನ ಮಹಿಮೆ, ಬಿಳಿಜೋಳದ ರೊಟ್ಟಿಯ ಪ್ರತಾಪ ಎಂದು ಬಸಂತರಾಯ ಮಾಸ್ತರರ ಕೋಣೆಯಲ್ಲಿ ಪ್ರವಚನವನ್ನೇ ಮಾಡಿದ. ವಿಜ್ಞಾನದ ಮಾಸ್ತರರು ಏನೋ ಹೇಳಲು ಬಾಯಿ ತೆರೆದವರು, ತಮ್ಮ ರಜಾ ಅರ್ಜಿ ಇವನ ಟೇಬಲ್ಲಿನ ಮೇಲಿರುವುದು ನೆನಪಾಗಿ ಚಹಾ ಕುಡಿದರು.

ಆಮೇಲೆ ವಿಜಯಶ್ರೀಯ ಬಾಣಂತನಕ್ಕೆಂದು ಶೈಲಶ್ರೀ ಹತ್ತು ದಿನ ತಂಗಿಯ ಊರಾದ ಇಂಡಿಗೆ ಹೋದಳು. ಅವಳು ಮರಳುವ ದಿನ ಬೆಳಿಗ್ಗೆ ಬಸಂತರಾಯ ಕಾರಿನ ಧೂಳು ಒರೆಸಲು ಹೋದರೆ ಎಡಗಡೆಯ ಹಿಂದಿನ ಗಾಲಿ ಅರ್ಧ ಕುಸಿದು ನೆಲಕ್ಕೆ ಹೊಟ್ಟೆ ಹಚ್ಚಿ ಕುಳಿತಿದೆ. ಒಂದು ಸಲ ಅವಸರ ಮಾಡಿ ಮೂರು ಗಾಲಿ ಕಳೆದದ್ದಾಗಿತ್ತು. ಉಳಿದ ಒಂದನ್ನಾದರೂ ಇವಳು ಬರುವುದರೊಳಗೆ ಉಳಿಸಿ ಕೊಟ್ಟರೆ ಆ ಮಾತಿನ ಭಾರ ತುಸುವಾದರೂ ಇಳಿದೀತು ಎಂದುಕೊಂಡ. ಶಾಲೆಗೆ ರಜೆ ಹಾಕಿ, ಮದುಮಗಳ ದಿಬ್ಬಣದಷ್ಟು ನಿಧಾನವಾಗಿ ಕಾರು ಓಡಿಸಿ, ಹೂವಿನ ಹಿಪ್ಪರಗಿ ರಸ್ತೆಯಲ್ಲಿರುವ ಸಲ್ಮಾನನ ಪಂಕ್ಚರ್ ಅಂಗಡಿ ಮುಟ್ಟಿದ.

ಸಲ್ಮಾನ ಬೆರಳಾಡಿಸಿ ಜಾಲಿಮುಳ್ಳು ಒಂದನ್ನು ಪತ್ತೆ ಮಾಡಿದ. ಕಿತ್ತು ಪಟ್ಟಿ ತುರುಕಿದರೆ ಐದು ನಿಮಿಷದ ಕೆಲಸ ಅಂದ. ಬಸಂತರಾಯ ಅವನ ಕೈ ಹಿಡಿದ. ಕಿತ್ತರೆ ಆ ತೂತಿನಿಂದ ಗಾಳಿ ಹೋಗುವುದಿಲ್ಲವೇ? ಕೀಳಕೂಡದು. ಹಾಗಾದರೆ ಗಾಳಿ ಹಿಡಿಸಿಬಿಡಲೇ? ಅದೂ ಕೂಡದು. ಒಳಗಿನ ಗಾಳಿ ಒಳಗೇ ಇರಬೇಕು, ಹೊರಗಿನದು ಒಳಗೆ ಬರಬಾರದು. ಇಂಥ ಗಿರಾಕಿಯನ್ನು ಸಲ್ಮಾನ ಈ ಜನ್ಮದಲ್ಲಿ ಕಂಡಿರಲಿಲ್ಲ. ಕೊನೆಗೆ ಒಂದು ಹಸಿರು ಬಾಟಲಿ ತೆಗೆದ. ಒಳಗೆ ಸುರಿದರೆ ಎಲ್ಲಿ ತೂತಿದೆಯೋ ಅಲ್ಲಿ ಹೋಗಿ ಗಟ್ಟಿಯಾಗಿ ಕೂರುವ ಲಿಕ್ವಿಡ್. ಇದು ಬಿದ್ದರೆ ಗಾಳಿ ಹೊರಗೆ ಹೋಗುವ ಮಾತೇ ಇಲ್ಲ ಎಂದು ಮಾತು ಕೊಟ್ಟ.

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ತಪ್ಪು ನಮ್ಮ ಬಸಂತರಾಯನದೇ. ಡಾಕ್ಟರು ಇಂಜೆಕ್ಷನ್ ಚುಚ್ಚಿದಾಗ ಔಷಧ ಒಳಗೆ ಹೋಗುತ್ತದೆ, ರಕ್ತವೇನೂ ಹೊರಗೆ ಸುರಿಯುವುದಿಲ್ಲ. ಇದೂ ಹಾಗೆಯೇ ಎಂದು ತಿಳಿದು, ನಿಶ್ಚಿಂತೆಯಿಂದ ಎದುರಿನ ಗಾಡಿಗೆ ಬಾಳೆಹಣ್ಣು ತರಲು ಹೋದ.

ಹಣ್ಣಿನ ಪ್ಲಾಸ್ಟಿಕ್ ಚೀಲ ಹಿಡಿದು ತಿರುಗಿದಾಗ ಸುಯ್ ಎಂಬ ಸದ್ದು ರಸ್ತೆಯ ಈಚೆಗೂ ಕೇಳಿಸುತ್ತಿತ್ತು. ಓಡಿಬಂದ. ಸಲ್ಮಾನ ವಾಲ್ವಿನ ಒಳಗಿನ ಪಿನ್ನನ್ನೇ ತಿರುಗಿಸಿ ಹೊರಗೆ ತೆಗೆದಿದ್ದ. ಬಸಂತರಾಯ ರಸ್ತೆಯ ಮೇಲೆ ಮೊಣಕಾಲೂರಿ, ವಾಲ್ವಿಗೆ ಹೆಬ್ಬೆರಳು ಒತ್ತಿ ಹಿಡಿದ.

“ಬೂಚ ತಗೀಲಾರ್ದ ಬಾಟ್ಲಿಗೆ ಎಣ್ಣಿ ಹೆಂಗ ಹಾಕೂದ್ರಿ ಸರ?” ಅಂದ ಸಲ್ಮಾನ, ನಿಜಕ್ಕೂ ಅರ್ಥವಾಗದೆ.

“ನಮ್ಮ ಮಾವ ತುಂಬಿದ ಗಾಳಿಯೋ ಅದು” ಅಂದ ಬಸಂತರಾಯ. “ಅವರು ಈಗಿಲ್ಲೋ.”

ಸಲ್ಮಾನ ನಗಲಿಲ್ಲ. ಬಾಳೆಹಣ್ಣನ್ನು ನೆಲಕ್ಕೆ ಸುರಿದು ಖಾಲಿ ಚೀಲದ ಬಾಯಿಯನ್ನು ತಾನೇ ವಾಲ್ವಿನ ಸುತ್ತ ಬಿಗಿಹಿಡಿದ. ಉಳಿದಿದ್ದ ಗಾಳಿ ಬಂದು ಚೀಲ ಉಬ್ಬಿತು. ದಾರದಿಂದ ಗಂಟು ಹಾಕಿ ಎರಡೂ ಕೈಯಿಂದ ಕೊಟ್ಟ. ಆಮೇಲೆ ಲಿಕ್ವಿಡ್ ಸುರಿದು, ಕಂಪ್ರೆಸರ್ ಹಚ್ಚಿ ಗಾಲಿ ತುಂಬಿಸಿದ. ಬಸಂತರಾಯ ಚೀಲವನ್ನು ಹಿಂದಿನ ಸೀಟಿನಲ್ಲಿಟ್ಟು, ಕನ್ನಡಿಯಲ್ಲಿ ಅದನ್ನೇ ನೋಡುತ್ತ ಮನೆಗೆ ಬಂದ. ದಾರಿಯಲ್ಲಿ ಚೀಲ ಮೆಲ್ಲಗೆ ಸೊಪ್ಪಗಾಯಿತು. ಹಣ್ಣಿನವನು ಅದನ್ನು ಪಿನ್ ಹೊಡೆದ ಚೀಲಗಳ ಕಟ್ಟಿನಿಂದ ಕಿತ್ತು ಕೊಟ್ಟಿದ್ದ. ಗಂಟಿನ ಕೆಳಗೇ ಎರಡು ತೂತು.

ಸಂಜೆ ಶೈಲಶ್ರೀ ಬಸ್ಸಿಳಿದು ಬಂದವಳೇ ರೊಟ್ಟಿ ಬಡಿಯಲು ಕುಳಿತಳು. ಬಸಂತರಾಯ ಚಪ್ಪಟೆಯಾದ ಚೀಲ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದ. ಮುಳ್ಳು, ಹಸಿರು ಬಾಟಲಿ, ಹೆಬ್ಬೆರಳು, ಚೀಲ. ಬಿಸಿಲಿನ ಮಾತನ್ನೂ ಹೇಳಿದ. ರೊಟ್ಟಿ ಬಡಿಯುವ ಸದ್ದು ನಿಂತಿತು.

“ಹನ್ನೊಂದು ತಿಂಗಳು ಗಾಳಿ ತಾನ ಹೆಂಗ ನಿಂತೀತ್ರಿ?” ಅಂದಳು. “ಮೊದಲನೇ ತಿಂಗಳದಾಗ ಇಳಿಯಾಕ ಹತ್ತಿತ್ತು. ಪ್ರತಿ ಗುರುವಾರ ನೀವು ಸಾಲಿಗೆ ಹೋದಮ್ಯಾಲ ಅಪ್ಪನ ಪಂಪಿನಿಂದ ನಾನ ಹಿಡಸ್ತಿದ್ದೆ.”

ಬಿಳಿಜೋಳದ ಪ್ರತಾಪ ಅಲ್ಲಿಗೆ ಮುಗಿಯಿತು. ಬಸಂತರಾಯನಿಗೆ ಒಂದು ಕ್ಷಣ ಜೀವ ಬಂದಂತಾಯಿತು. ಹಾಗಾದರೆ ಹೋದದ್ದು ಮಾವನ ಗಾಳಿಯೇ ಅಲ್ಲವಲ್ಲ ಅಂದ. ಗೆದ್ದವನಂತೆ ಅಂದನೆಂಬುದೇ ಅವನ ದುರದೃಷ್ಟ.

“ನಮ್ಮ ಮನ್ಯಾಗಿನ ಮಸರಿನ ಹೆಪ್ಪ ಅವ್ವ ಕೊಟ್ಟಿದ್ದು” ಅಂದಳು ಶೈಲಶ್ರೀ. “ದಿನಾ ಹೊಸ ಹಾಲು ಹಾಕ್ತೇನಿ. ಹೆಪ್ಪ ಅವ್ವಂದ ಐತಿ. ಗಾಲಿನೂ ಹಂಗ ಇತ್ರಿ. ತಳದಾಗ ಅಪ್ಪಂದು ಈಟ ಉಳದಿತ್ತು, ಅಷ್ಟ ಸಾಕಾಗಿತ್ತು ನನಗ.”

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಉಳಿದ ರೊಟ್ಟಿ ಬಡಿದಳು. ಅಂದಿನ ರೊಟ್ಟಿ ಒಂದೂ ಉಬ್ಬಲಿಲ್ಲ, ಬಸಂತರಾಯ ನಾಲ್ಕು ತಿಂದ.

ಗುರುವಾರ ಕನ್ನಡಕ ಮರೆತು ಶಾಲೆಯ ಅರ್ಧ ದಾರಿಯಿಂದ ನಡೆದು ಮನೆಗೆ ಮರಳಿದವನು ಗೇಟಿನ ಹತ್ತಿರವೇ ನಿಂತ. ಶೈಲಶ್ರೀ ಪಂಪು ಹಿಡಿದು ಕಾರಿನ ಬಳಿ ಕುಳಿತಿದ್ದಳು. ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಕಲ್ಲಿನಂತಿತ್ತು. ಹಸಿರು ಲಿಕ್ವಿಡ್ ತನ್ನ ಕೆಲಸವನ್ನು ಎಷ್ಟು ಶ್ರದ್ಧೆಯಿಂದ ಮಾಡಿತ್ತೆಂದರೆ ಇನ್ನು ಮೂರು ವರ್ಷ ಅದಕ್ಕೆ ಯಾರ ಗಾಳಿಯೂ ಬೇಕಿರಲಿಲ್ಲ. ಅವಳು ಪಂಪಿನ ಹಿಡಿಯನ್ನು ಸುಮ್ಮನೆ ಒಂದೆರಡು ಸಲ ಮೇಲೆ ಕೆಳಗೆ ಮಾಡಿ, ಪೈಪು ಸುತ್ತಿ, ಒಳಗೆ ಹೋದಳು. ಅವಳಪ್ಪ ಸುತ್ತಿದಂತೆಯೇ ಸುತ್ತಿದಳು.

ಗಾಳಿಯನ್ನಷ್ಟೇ ಅಲ್ಲ, ಗುರುವಾರವನ್ನೂ ತಾನು ಕಳೆದೆನೆಂದು ಬಸಂತರಾಯನಿಗೆ ಆಗ ತಿಳಿಯಿತು. ಅವನು ಕನ್ನಡಕವಿಲ್ಲದೆಯೇ ಶಾಲೆಗೆ ಹೋದ.

ಮುಂದಿನ ಗುರುವಾರ ಬೆಳಿಗ್ಗೆ ಶೈಲಶ್ರೀ ಸ್ನಾನಕ್ಕೆ ಹೋದದ್ದೇ ತಡ, ಸೋರುವುದನ್ನು ನಿಲ್ಲಿಸಲು ಅಷ್ಟೊಂದು ಹೆಣಗಿದ ಆ ಮಹಾನುಭಾವ, ಕಡ್ಡಿಪೆಟ್ಟಿಗೆ ಹಿಡಿದು ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕುಳಿತ. ಕಡ್ಡಿಯ ತುದಿಯಿಂದ ವಾಲ್ವಿನ ಪಿನ್ನು ಒತ್ತಿದ. ಗಾಳಿಯ ಜೊತೆಗೆ ಹಸಿರು ರಸವೂ ಚಿಮ್ಮಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಬಿತ್ತು. ಒರೆಸಿದಷ್ಟೂ ಹರಡಿತು. ಗಾಲಿ ಎರಡು ಬೆರಳಿನಷ್ಟು ಇಳಿದಾಗ ನಿಲ್ಲಿಸಿ, ಕಲೆಯ ಮೇಲೆ ಚೀಲ ಅಡ್ಡ ಹಿಡಿದು ಕಳ್ಳನಂತೆ ಶಾಲೆಗೆ ಹೋದ. ಸಂಜೆ ಬಂದಾಗ ಗಾಲಿ ಮತ್ತೆ ಕಲ್ಲಿನಂತಿತ್ತು. ಹೀಗೆ ಮೂರು ಗುರುವಾರ ನಡೆಯಿತು, ಮೂರು ಅಂಗಿ ಹಸಿರಾದವು.

ನಾಲ್ಕನೆಯ ಗುರುವಾರ ಬೆಳಿಗ್ಗೆ ಕುರ್ಚಿಯ ಮೇಲೆ ಇಸ್ತ್ರಿಯ ಅಂಗಿಯ ಪಕ್ಕದಲ್ಲಿ ಸುಣ್ಣ ಬಳಿಯುವಾಗ ಹಾಕುವ ಹರಕು ಅಂಗಿಯೊಂದನ್ನು ಮಡಚಿ ಇಡಲಾಗಿತ್ತು. ಬಸಂತರಾಯ ಅದನ್ನು ನೋಡುತ್ತ ನಿಂತಿರುವಾಗಲೇ ಬಚ್ಚಲಿಗೆ ಹೊರಟಿದ್ದ ಶೈಲಶ್ರೀ ತಿರುಗಿ ನೋಡದೆ ಹೇಳಿದಳು:

“ಎಲ್ಲಾ ಬಿಡಬ್ಯಾಡ್ರಿ ಮತ್ತ. ಹೆಪ್ಪಿಗಿಷ್ಟ ಇರಲಿ.”