ಹಾರದ ಬದಲಿಗೆ ಕಾದಂಬರಿ

ಪುಸ್ತಕ ಬರೆದವನನ್ನು ಹೊಗಳುವವರಿಗೆ ಬರವಿಲ್ಲ, ಓದುವವರು ಮಾತ್ರ ಸಿಗುವುದಿಲ್ಲ. ಹೊಳೆನರಸೀಪುರದಲ್ಲಿ ಮೇಷ್ಟರಾಗಿರುವ ನಾನು ಒಂದು ಕಾದಂಬರಿ ಅಚ್ಚು ಹಾಕಿಸಿದ ದಿನದಿಂದ ಇಂಥ ಪ್ರಸಂಗಗಳು ಬೆನ್ನು ಬಿಟ್ಟಿಲ್ಲ. ಒಬ್ಬರಾದರೂ ಕೊನೆಯ ಪುಟದವರೆಗೆ ಓದಲಿ ಎಂಬುದಷ್ಟೇ ನನ್ನ ಆಸೆ.

ಹಾಸನದ ಹೊಗಳಿಕೆ

ಸಮಾರಂಭಗಳಲ್ಲಿ ಈಗ ಹಾರದ ಬದಲು ಪುಸ್ತಕ ಕೊಡುತ್ತಾರಲ್ಲ, ಹಾಸನದ ಒಂದು ಸಭೆಯಲ್ಲಿ ಅಧ್ಯಕ್ಷರಿಗೆ ನನ್ನ ಕಾದಂಬರಿಯನ್ನೇ ಕೊಟ್ಟರು. ಅವರು ಮೈಕ್ ಹಿಡಿದು, "ಈ ಕೃತಿ ನನ್ನ ಬದುಕನ್ನೇ ಬದಲಿಸಿತು" ಎಂದರು. ಸುತ್ತಿದ್ದ ಬಣ್ಣದ ಕಾಗದವನ್ನು ಅವರಿನ್ನೂ ಬಿಚ್ಚಿರಲಿಲ್ಲ.

ಚನ್ನರಾಯಪಟ್ಟಣದ ಅಭಿಮಾನಿ

ಅಲ್ಲಿನ ತೆಂಗಿನಕಾಯಿ ಮಂಡಿ ಸಾಹುಕಾರರು ಕೈ ಹಿಡಿದುಕೊಂಡು, "ಸಾ, ನಿಮ್ ಪುಸ್ತಕ ಇಲ್ದೆ ನಂಗೆ ಒಂದಿನಾನೂ ಆಗಲ್ಲ" ಎಂದರು. ನಾನು ಉಬ್ಬಿಹೋದೆ.

"ಓದ್ತಾ ಎಲ್ಲಿಗೆ ಬಂದ್ರಿ?"

"ಎಲ್ಲಿಗೂ ಬಂದಿಲ್ಲ ಸಾ, ಟೇಬಲ್ ಮೇಲೇ ಐತೆ. ಫ್ಯಾನ್ ಹಾಕುದ್ರೆ ರಸೀದಿ ಎಲ್ಲಾ ಹಾರೋಗವು. ಈಗ ಒಂದೂ ಅಲ್ಲಾಡಲ್ಲ. ಎರಡನೇ ಭಾಗ ಬರೀರಿ ಸಾ, ಇನ್ನೊಂದು ಟೇಬಲ್ ಐತೆ."

ಅರಕಲಗೂಡಿನ ಎಡೆ

ಪಿತೃಪಕ್ಷದಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಅರಕಲಗೂಡಿನ ತಮ್ಮ ಮನೆಗೆ ಊಟಕ್ಕೆ ಕರೆದಿದ್ದರು. ಯಾವುದೋ ಸನ್ಮಾನದಲ್ಲಿ ಸಿಕ್ಕ ನನ್ನ ಪುಸ್ತಕವನ್ನು ಅವರು ಮನೆಯಲ್ಲಿ ಎಲ್ಲೋ ಎಸೆದು ಮರೆತಿದ್ದರಂತೆ. ಹಿರಿಯರ ಫೋಟೋಗಳ ಮುಂದೆ ಎಡೆ ಇಟ್ಟಿತ್ತು. ಪಕ್ಕದಲ್ಲಿ ಬೇರೆಯೇ ಒಂದು ಎಲೆ, ಅದರ ತುಂಬ ಕಜ್ಜಾಯ.

"ಇದು ಯಾರಿಗಮ್ಮಾ?" ಎಂದು ಸಹೋದ್ಯೋಗಿಯ ತಾಯಿಯನ್ನು ಕೇಳಿದೆ.

"ನಿಮ್ ಪುಸ್ತಕದ ಕೆಂಪಮ್ಮಂಗೆ. ಪಾಪ, ಕಜ್ಜಾಯ ಕಜ್ಜಾಯ ಅಂತ ಹಂಬಲಿಸ್ಕಂಡೇ ಸತ್ಲಲ್ಲಾ. ಮಕ್ಳಾ, ಮರೀನಾ? ಅವ್ಳಿಗೆ ಎಡೆ ಇಕ್ಕಕ್ಕೆ ಯಾರವ್ರೆ?"

ಕೆಂಪಮ್ಮ ನಾನು ಕಲ್ಪಿಸಿ ಬರೆದ ಹೆಂಗಸು. ಪುಟ ಜಾಸ್ತಿಯಾಯಿತೆಂದು ಪ್ರೆಸ್ಸಿನವರು ಗೊಣಗಿದ್ದಕ್ಕೆ, ಕಜ್ಜಾಯ ಎಣ್ಣೆಗೆ ಬೀಳುವ ಮೊದಲೇ ಅವಳನ್ನು ಸಾಯಿಸಿಬಿಟ್ಟಿದ್ದೆ. ಅದೂ ಕೊನೆಯ ಪುಟದಲ್ಲಿ! ಅಂದರೆ ಈ ತಾಯಿ ಪೂರ್ತಿ ಓದಿದ್ದಾರೆ. ಯಾವ ಶಾಲು ಹೊದ್ದಾಗಲೂ ಆಗದ ಸಂತೋಷ ಆ ಎಲೆಯ ಮುಂದೆ ಆಯಿತು. ಕಣ್ಣು ತುಂಬಿ ಬಂತು.

ಅವರು ನನ್ನನ್ನೇ ದುರುಗುಟ್ಟಿ ನೋಡಿದರು.

"ಈಗ ಅತ್ರೆ ಏನ್ ಬಂತು ಮೇಷ್ಟ್ರೇ? ಕೊಂದೋರು ನೀವು, ಕಜ್ಜಾಯ ಸುಟ್ಟೋಳು ನಾನು! ಬನ್ನಿ, ಧೂಪನಾದ್ರೂ ಹಾಕಿ."