ಮಾವನ ಬಾನೆಟ್ಟು, ಅತ್ತೆಯ ಲಿವರು

ನಮ್ಮ ಸೋದರಮಾವನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರು ಅಜ್ಜಂಪುರದಲ್ಲಿ ಬೇಕಾದಷ್ಟು ಜನ ಇದ್ದಾರೆ, ನಾನೇಕೆ ಬಾಯಿ ನೋಯಿಸಿಕೊಳ್ಳಲಿ! ನಾನು ಹೇಳುವುದು ಇಷ್ಟೇ: ಕಾರುಗಳಿಗೆ ಬಾನೆಟ್ಟು ಎಂಬುದೊಂದು ಇರದೇ ಹೋಗಿದ್ದರೆ ನಮ್ಮ ಮಾವ ಎಲ್ಲರ ಹಾಗೆ ಬಾಳಿ ಬದುಕುತ್ತಿದ್ದರು.

ಬಾನೆಟ್ಟು ತೆಗೆದು ಒಳಗೆ ಇಣುಕದೆ ಅವರು ಕಾರು ಹೊರಡಿಸುವುದಿಲ್ಲ. ಚಿಕ್ಕಮಗಳೂರಿಗೆ ಹೊರಟರೂ ಅಷ್ಟೇ, ಬೀದಿ ತುದಿಯಿಂದ ಕೊತ್ತಂಬರಿ ಸೊಪ್ಪು ತರಲು ಹೊರಟರೂ ಅಷ್ಟೇ. "ಹೊಟ್ಟೆ ನೋಡ್ದೆ ಹೊರಡಬಾರ್ದು ಕಣೇ" ಎನ್ನುತ್ತಾರೆ. ಆಯಿಲ್ ಕಡ್ಡಿ ಎಳೆದು ಪಂಚೆಯ ಅಂಚಿಗೆ ಒರೆಸುತ್ತಾರೆ, ಬ್ಯಾಟರಿ ಮುಟ್ಟಿ ನೋಡುತ್ತಾರೆ, ಇಂಜಿನ್ನಿಗೆ ಏನೋ ಗೊಣಗುತ್ತಾರೆ. ಅವರ ಪಂಚೆಗಳಿಗೆಲ್ಲ ಜರಿಯಂಚಿನ ಕೆಳಗೆ ಇನ್ನೊಂದು ಕಪ್ಪಂಚು ಇರುತ್ತದೆ. ನಾನು ಕಡೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟವಳು, ಬಟ್ಟೆಗೆ ಆದ ಅನ್ಯಾಯ ನನ್ನ ಕಣ್ಣಿಗೆ ಬೇಗ ಬೀಳುತ್ತದೆ.

ತಮ್ಮ ಕಾರಾದರೆ ಹೋಗಲಿ ಅನ್ನಬಹುದು. ಬೇರೆಯವರ ಕಾರಿಗೂ ಬಿಡುವಿಲ್ಲ! ನನ್ನ ತಂಗಿಗೆ ಗಂಡು ನೋಡಲು ತರೀಕೆರೆಗೆ ಹೋಗಿದ್ದೆವು. ಗಂಡಿನ ತಂದೆ ಬಾಗಿಲಲ್ಲಿ ಕೈಮುಗಿದು ನಿಂತಿದ್ದಾರೆ. ನಮ್ಮ ಕಡೆಯ ಹಿರಿಯರಾದ ಮಾವ ಎಲ್ಲಿ? ಅಂಗಳದಲ್ಲಿ ಕಾರು ತೊಳೆಯುತ್ತಿದ್ದವನನ್ನು ಡ್ರೈವರ್ ಅಂದುಕೊಂಡು, "ಬಾನೆಟ್ ತೆಗಿಯಪ್ಪಾ" ಅಂತ ತೆಗೆಸಿ ತಲೆಯನ್ನು ಒಳಗಿಟ್ಟಿದ್ದಾರೆ. ಆ ಡ್ರೈವರೇ ಗಂಡು! ಅಷ್ಟಕ್ಕೇ ಬಿಟ್ಟರೇ? ತಲೆ ಹೊರಗೆ ತೆಗೆದು ತೀರ್ಪು ಕೊಟ್ಟರು: "ಕೂಲೆಂಟ್ ತಳ ಕಂಡೈತಲ್ರೀ! ಕಾರಿಗೇ ನೀರು ಕುಡಿಸ್ದೇ ಇರೋರು ನಮ್ ಹುಡ್ಗೀನ ಹೆಂಗ್ರೀ ನೋಡ್ಕೊಂಡಾರು?"

ಉಪ್ಪಿಟ್ಟು ತಿಂದ ಶಾಸ್ತ್ರ ಮಾಡಿ ಎದ್ದು ಬಂದೆವು. ಸಂಬಂಧ ಅಲ್ಲಿಗೇ ಮುರಿಯಿತು ಎಂದುಕೊಂಡಿರಾ? ಮುಂದಿನ ವಾರ ಗಂಡಿನ ತಂದೆಯೇ ಫೋನ್ ಮಾಡಿದರು. "ಕೂಲೆಂಟ್ ಹಾಕ್ಸಿದೀವಿ. ಮುಂದಿನ ಮಾತು ಆಡಬಹುದಾ?" ನನ್ನ ತಂಗಿಯ ಗಂಡ ಈಗಲೂ ಮಾವನ ಮನೆಗೆ ಹೋದರೆ ಚಪ್ಪಲಿ ಬಿಡುವ ಮೊದಲು ಬಾನೆಟ್ಟು ತೆಗೆದು ನಿಲ್ಲುತ್ತಾನೆ.

ಇನ್ನು ಮಾವನ ಸ್ವಂತ ಕಾರಿನ ವಿಷಯ. ಅದೊಂದು ಹಳೆಯ ಪುಟ್ಟ ಕಾರು. ಬಣ್ಣ ಬಿಳಿ ಎಂದು ಆರ್‌ಸಿ ಪುಸ್ತಕದಲ್ಲಿ ಬರೆದಿದೆ, ಆದ್ದರಿಂದ ಬಿಳಿ. ಅದರ ಬಾನೆಟ್ಟು ಮೊದಲಿನಿಂದಲೂ ಬಿಗಿ. ಸ್ಟೇರಿಂಗಿನ ಕೆಳಗೆ ಮೊಣಕಾಲಿನ ಹತ್ತಿರ ಒಂದು ಲಿವರ್ ಇರುತ್ತದಲ್ಲ, ಅದನ್ನು ಒಳಗೆ ಒಬ್ಬರು ಎಳೆದು ಹಿಡಿಯಬೇಕು, ಅದೇ ಹೊತ್ತಿಗೆ ಹೊರಗೆ ಇನ್ನೊಬ್ಬರು ಬಾನೆಟ್ಟಿಗೆ ಗುದ್ದಬೇಕು. ಗುದ್ದುವವರು ಮಾವ. ಎಳೆಯುವವರು ಅತ್ತೆ. ಅತ್ತೆಗೆ ಡ್ರೈವಿಂಗ್ ಬರುವುದಿಲ್ಲ, ಆದರೂ ದಿನಾ ಬೆಳಿಗ್ಗೆ ತಲೆಗೆ ಹೂ ಮುಡಿದು ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದರು. ಬೀದಿಗೆ ಹೊಸದಾಗಿ ಬಂದವರು, ಪರವಾಗಿಲ್ಲವೇ, ಈ ವಯಸ್ಸಿನಲ್ಲಿ ಎಷ್ಟು ಧೈರ್ಯ ಎಂದುಕೊಳ್ಳುತ್ತಿದ್ದರು.

"ಎಳಿಯೇ!"

"ಎಳ್ದೆ ಕಣ್ರೀ!"

ಧಡ್!

"ಬಂತೇನ್ರೀ?"

"ಬಂತು ಕಣೇ!"

ಇದು ಆ ಬೀದಿಯ ಸುಪ್ರಭಾತ. ಎದುರು ಮನೆಯವರು ಇದನ್ನು ಕೇಳಿ ಹಾಲು ಒಲೆಗಿಡುತ್ತಿದ್ದರು.

ಒಮ್ಮೆ ಕಡೂರಿಗೆ ನಮ್ಮ ಮನೆಗೆ ಬರುವಾಗ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಸುಮ್ಮನೆ ಕೂರುವ ಜನ್ಮವೇ ಅದು? ಇಳಿದು, ಅತ್ತೆಯನ್ನು ಡ್ರೈವರ್ ಸೀಟಿಗೆ ಸರಿಸಿ, ಗುದ್ದಿ ತೆಗೆದರು. ರೈಲು ಹೋಯಿತು, ಗೇಟು ಎದ್ದಿತು, ಬಾನೆಟ್ಟು ಮಾತ್ರ ಮುಚ್ಚಲೊಲ್ಲದು! ಹಿಂದೆ ಬಸ್ಸು, ತೆಂಗಿನಕಾಯಿ ಲಾರಿ, ಟ್ರ್ಯಾಕ್ಟರು, ಎಲ್ಲರ ಹಾರನ್ನೂ ಒಟ್ಟಿಗೆ. ಬಸ್ಸಿನ ಕಂಡಕ್ಟರ್ ಇಳಿದು ಬಂದ.

"ಏನ್ ಸ್ವಾಮಿ, ಕಾರು ಕೆಟ್ಟೋಯ್ತಾ?"

"ಇಲ್ಲಪ್ಪಾ, ಚೆನ್ನಾಗೈತೆ. ಚೆನ್ನಾಗೈತಾ ಅಂತ ನೋಡ್ತಿದ್ದೆ."

ಕಂಡಕ್ಟರ್ ಅತ್ತೆಯ ಕಡೆ ನೋಡಿದನಂತೆ. ಅತ್ತೆ ಕಿಟಕಿಯಿಂದ ಅವನಿಗೊಂದು ಕೋಡುಬಳೆ ಕೊಟ್ಟು ಕಳಿಸಿದರಂತೆ. ಮಾವ ಊರಿನವರ ತಲೆ ಕೆಡಿಸುವುದು, ಅತ್ತೆ ಹಿಂದೆಯೇ ಕೋಡುಬಳೆ ಹಂಚಿಕೊಂಡು ಬರುವುದು. ಅವರ ಸಂಸಾರ ನಡೆದದ್ದೇ ಹಾಗೆ.

ಆಮೇಲೆ ಅತ್ತೆಗೆ ಮರೆವು ಶುರುವಾಯಿತು. ಮೊದಮೊದಲು ಸಾರಿಗೆ ಎರಡು ಸಲ ಉಪ್ಪು ಬಿತ್ತು, ನಾವು ನಕ್ಕೆವು. ಒಲೆ ಆರಿಸುವುದು ಮರೆತರು, ಹೆದರಿದೆವು. ಒಂದು ದಿನ ನಾನು ಹೋದರೆ, "ಬನ್ನಿ, ಯಾರು ಬೇಕಾಗಿತ್ತು?" ಎಂದರು. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಡೆ ಹಾಕಿದ ಕೈಗಳು ಅವು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಕೊನೆಗೆ ಒಂದು ಬೆಳಿಗ್ಗೆ ಮಾವನನ್ನೇ ಕೇಳಿದರಂತೆ: "ನೀವ್ಯಾರ್ರೀ? ಕೂತ್ಕೊಳ್ಳಿ, ಕಾಫಿ ತತ್ತೀನಿ."

ಮಾವ ಕೂತುಕೊಂಡರಂತೆ. ಕಾಫಿ ಬರಲಿಲ್ಲ.

ಆದರೆ ಒಂದು ಮಾತ್ರ ಉಳಿದಿತ್ತು. ಡ್ರೈವರ್ ಸೀಟಿನಲ್ಲಿ ಕೂರಿಸಿ, ಮುಂದೆ ಹೋಗಿ ನಿಂತು, "ಎಳಿಯೇ!" ಎಂದರೆ ಸಾಕು, ಆ ಕೈ ತಾನಾಗಿಯೇ ಲಿವರಿಗೆ ಹೋಗುತ್ತಿತ್ತು. "ಎಳ್ದೆ ಕಣ್ರೀ!" ಹೆಸರು ಮರೆತರು, ಊರು ಮರೆತರು, ಉಂಡದ್ದು ಮರೆತರು. ಇದನ್ನು ಮರೆಯಲಿಲ್ಲ. ಮಾವ ದಿನಕ್ಕೊಂದು ಸಲ ತೆಗೆಯುತ್ತಿದ್ದ ಬಾನೆಟ್ಟನ್ನು ಈಗ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತೆಗೆಯತೊಡಗಿದರು. ಬೀದಿಯವರು ಮುದುಕನಿಗೆ ತಲೆ ಪೂರ್ತಿ ಕೆಟ್ಟಿತು ಎಂದರು. ಹೇಳಿದೆನಲ್ಲ, ಹೇಳುವವರಿಗೆ ಅಲ್ಲೇನೂ ಬರವಿಲ್ಲ.

ಹೀಗಿರುವಾಗ ಲಿವರಿನಿಂದ ಬಾನೆಟ್ಟಿನ ಬೀಗಕ್ಕೆ ಹೋಗುವ ಕೇಬಲ್ ತುಂಡಾಯಿತು. ಲಿವರ್ ಅತ್ತೆಯ ಕೈಗೆ ಸಡಿಲವಾಗಿ ಬಂತು. ಅತ್ತೆ "ಎಳ್ದೆ ಕಣ್ರೀ" ಎಂದರು, ಮಾವ ಗುದ್ದಿದರು, ಬಾನೆಟ್ಟು ಅಲ್ಲಾಡಲಿಲ್ಲ. ಲಿವರಿನ ಹತ್ತಿರ ತುಂಡಾಗಿದ್ದರೆ ಇಕ್ಕಳದಲ್ಲಿ ತಂತಿ ಹಿಡಿದು ಎಳೆಯಬಹುದಿತ್ತು. ಇದು ಮುಂದೆ ಬೀಗದ ಬುಡದಲ್ಲೇ ತುಂಡಾಗಿತ್ತು. ಅಕ್ಕಪಕ್ಕದವರ ಸಲಹೆಗಳೇನು ಕಡಿಮೆಯೇ? ಒಬ್ಬರು ಬಿಸಿನೀರು ಹುಯ್ಯಿರಿ ಎಂದರು, ಇನ್ನೊಬ್ಬರು ಬಾನೆಟ್ಟಿನ ಮೇಲೆ ಕೂತು ಕುಣಿಯಿರಿ ಎಂದರು. ಮಾವ ಕೊಡೆಯ ಕಡ್ಡಿ, ಪರದೆಯ ಕಂಬಿ, ಕಾರಿನ ಮೂತಿಯ ಜಾಲರಿಯೊಳಗೆ ತೂರುವುದನ್ನೆಲ್ಲ ತೂರಿಸಿ ನೋಡಿದರು. ಪರದೆಯ ಕಂಬಿ ಒಳಗೇ ಉಳಿಯಿತು.

ಮೆಕ್ಯಾನಿಕ್ಕನ್ನು ಕರೆಸಿ ಎಂದರೆ ಮಾತ್ರ ಒಪ್ಪುವುದಿಲ್ಲ. ಹೊಟ್ಟೆ ನೋಡದೆ ಕಾರು ಹೊರಡಿಸುವುದೂ ಇಲ್ಲ. ಕಾರು ನಿಂತಲ್ಲೇ ನಿಂತಿತು, ಅತ್ತೆಯನ್ನು ತರೀಕೆರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದೂ ನಿಂತಿತು. ನಾನು ಕಡೂರಿನಿಂದ ಬಸ್ಸು ಹಿಡಿದು ಜಗಳಕ್ಕೆಂದೇ ಹೋದೆ.

ಹೋದರೆ ಏನು ನೋಡುತ್ತೇನೆ? ಕಾರು ಅಂಗಳದಲ್ಲಿ. ಅತ್ತೆ ಡ್ರೈವರ್ ಸೀಟಿನಲ್ಲಿ. "ಎಳಿಯೇ!" "ಎಳ್ದೆ ಕಣ್ರೀ!" ಧಡ್! ಬಾನೆಟ್ಟು ಮುಚ್ಚಿಕೊಂಡೇ ಇದೆ, ಮಾವ ಮಾತ್ರ "ಬಂತು ಕಣೇ!" ಎಂದು ಗಾಜಿನಾಚೆಯಿಂದ ಕೈಯಾಡಿಸುತ್ತಿದ್ದಾರೆ. ಅತ್ತೆಯ ಮುಖದಲ್ಲಿ ನಗು. ವಾರಗಳಿಂದ ಹೀಗೇ ನಡೆದಿತ್ತಂತೆ.

"ಏನ್ ಮಾವ ಇದು ನಾಟಕ? ಒಂದು ವೈರು ಹಾಕ್ಸೋಕೆ ಏನು ನಿಮಗೆ ರೋಗ?" ಎಂದು ರೇಗಿದೆ.

ಮಾವ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದುಕೊಂಡು ಹೋದರು. "ಲೇ, ಅವ್ಳ ಹತ್ರ ನನ್ ಪಾಲಿಗೆ ಉಳ್ದಿರೋದು ಅದೊಂದೇ ಕಣೇ. ಎಳಿಯೇ ಅಂದ್ರೆ ಎಳೀತಾಳೆ. ಯಾವನೋ ಬಂದು ಹೊಸ ವೈರ್ ಹಾಕಿ, ಆ ಲಿವರ್ ಬೇರೆ ಥರ ಆಗೋದ್ರೆ? ಅವ್ಳ ಕೈಗೆ ಗುರ್ತು ಸಿಗ್ದೆ ಹೋದ್ರೆ? ಆಮೇಲೆ ನಾನು ಏನಂತ ಕರೀಲಿ ಅವ್ಳನ್ನ?"

ಜಗಳಕ್ಕೆ ತಂದಿದ್ದ ಮಾತುಗಳೆಲ್ಲ ದಂಡವಾದವು. ಆದರೂ ಡಾಕ್ಟರ ಹತ್ತಿರ ಹೋಗದೆ ಆಗುತ್ತದೆಯೇ? ಲಿವರ್ ಹಳೆಯದೇ ಇರಲಿ, ತಂತಿ ಮಾತ್ರ ಹೊಸದು ಎಂದು ಒಪ್ಪಿಸಿದೆ. ಅಜ್ಜಂಪುರದ ಮೆಕ್ಯಾನಿಕ್ಕುಗಳ ಜೊತೆಯೆಲ್ಲ ಮಾವ ಮಾತು ಬಿಟ್ಟಿದ್ದರಿಂದ ತರೀಕೆರೆಯಿಂದ ಒಬ್ಬನನ್ನು ಕರೆಸಿದೆವು. ಅವನು ಗೋಣಿಚೀಲ ಹಾಸಿ ಕಾರಿನ ಕೆಳಗೆ ಮಲಗಿ, ತುದಿ ಬಗ್ಗಿಸಿದ ಕಂಬಿಯನ್ನು ರೇಡಿಯೇಟರಿನ ಸಂದಿಯಲ್ಲಿ ಮೇಲಕ್ಕೆ ತೂರಿಸಿ ಬೀಗ ಸರಿಸಿದ. ಟಕ್ಕೆಂದಿತು. ಹೊಸ ತಂತಿ ಹಾಕಿ, ಬೀಗಕ್ಕೆ ಗ್ರೀಸು ಬಳಿದು, "ಇನ್ನು ಗುದ್ದೋದು ಬ್ಯಾಡ ಸ್ವಾಮಿ, ಬೆಣ್ಣೆ ಥರಾ ಬತ್ತದೆ" ಎಂದ.

ಮಾರನೆಯ ಬೆಳಿಗ್ಗೆ ಮಾವ ಗಡ್ಡ ಕೆರೆದು, ಇಸ್ತ್ರಿ ಅಂಗಿ ಹಾಕಿ, ಹೆಣ್ಣು ನೋಡಲು ಹೊರಟವರ ಹಾಗೆ ಕಾರಿನ ಮುಂದೆ ನಿಂತರು. ನಾನು ಹೊಸ್ತಿಲಲ್ಲಿ ನಿಂತಿದ್ದೆ.

"ಎಳಿಯೇ!"

ಅತ್ತೆ ಎಳೆದರು. ಗುದ್ದುವ ಮೊದಲೇ ಟಕ್ಕೆಂದಿತು. ಮಾವನ ಸಂತೋಷ ಕೇಳಬೇಕೆ? ಎರಡೂ ಕೈಯಲ್ಲಿ ಬಾನೆಟ್ಟನ್ನು ಆಕಾಶಕ್ಕೆ ಎತ್ತಿಬಿಟ್ಟರು.

ಒಳಗಿನಿಂದ ಹಾರನ್ನು ಶುರುವಾಯಿತು. ಅತ್ತೆ ಎರಡೂ ಅಂಗೈಯಲ್ಲಿ ಸ್ಟೇರಿಂಗ್ ಬಡಿಯುತ್ತಿದ್ದರು. ವಾರಗಳಿಂದ ಮುಚ್ಚಿದ ಬಾನೆಟ್ಟಿನಾಚೆ ಮಾವನ ಮುಖ ನೋಡಿಯೇ ರೂಢಿಯಾಗಿತ್ತು, ಈಗ ಗಾಜಿನ ತುಂಬ ಬಾನೆಟ್ಟು, ಅವರಿಗೆ ಬೇರೇನೂ ಕಾಣುತ್ತಿರಲಿಲ್ಲ.

"ನಮ್ಮೆಜಮಾನ್ರು ಎಲ್ಲೋದ್ರು? ಇಲ್ಲೇ ಇದ್ರಲ್ಲಾ! ಯಾರ್ರೀ ಅದು, ನಮ್ಮೆಜಮಾನ್ರನ್ನ ಎಲ್ಲಿಗ್ರೀ ಕರ್ಕೊಂಡೋದ್ರಿ?"

ಮಾವ ಬಾನೆಟ್ಟನ್ನು ಧಡಾರನೆ ಹಾಕಿದರು. ಗಾಜಿಗೆ ಮೂಗು ತಾಗುವಷ್ಟು ಬಗ್ಗಿ, "ಇಲ್ಲೇ ಇದೀನಿ ಕಣೇ, ಇಲ್ಲೇ ಇದೀನಿ" ಎಂದರು. ಹಾರನ್ನು ನಿಂತಿತು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮಾವ ನನ್ನ ಕಡೆ ತಿರುಗಿದರು, ಅವರ ಕಣ್ಣಲ್ಲೂ ನೀರು.

"ಎಜಮಾನ್ರು ಅಂದ್ಲು. ಕೇಳಿಸ್ಕೊಂಡ್ಯಾ?"

ಅಂದೇ ಮಧ್ಯಾಹ್ನ ತರೀಕೆರೆಯ ಮೆಕ್ಯಾನಿಕ್ ಮತ್ತೆ ಬರಬೇಕಾಯಿತು. "ಒಳಗಿನ ವೈರ್ ಬಿಚ್ಚಾಕಪ್ಪಾ. ಹೊರಗಿಂದ, ಬಂಪರ್ ಕೆಳಗೆ ಕೈ ಹಾಕಿ ನಾನೊಬ್ನೇ ಎಳೆಯೋ ಹಂಗೆ ಒಂದು ತುಂಡು ಕಟ್ಟಿಕೊಡು" ಎಂದರು ಮಾವ. "ಹೊಸ್ದು ಸ್ವಾಮಿ, ಚೆನ್ನಾಗೈತೆ!" ಎಂದು ಅವನು ಎಷ್ಟು ಹೇಳಿದರೂ ಕೇಳಲಿಲ್ಲ. ಅವನು ತಲೆ ಕೆರೆದುಕೊಂಡು ನನ್ನ ಮುಖ ನೋಡಿದ. ಅವರು ಹೇಳಿದ ಹಾಗೆ ಮಾಡಪ್ಪಾ ಎಂದೆ.

ಈಗ ಮಾವ ಕಾರಿನ ಹೊಟ್ಟೆ ನೋಡುವುದು ಅತ್ತೆ ಸ್ನಾನಕ್ಕೆ ಹೋದಾಗ, ಕಳ್ಳನ ಹಾಗೆ, ಸದ್ದಿಲ್ಲದೆ. ತರೀಕೆರೆಗೂ ಹೋಗಿ ಬರುತ್ತಾರೆ. ಡಾಕ್ಟರು ಒಳ್ಳೆಯದೇನನ್ನೂ ಹೇಳುತ್ತಿಲ್ಲ. ಮೊನ್ನೆ ಹೋದಾಗ ಅತ್ತೆ ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಮಾವ ಮುಚ್ಚಿದ ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ನಿಂತಿದ್ದರು. ಅತ್ತೆ ಯಾವುದಕ್ಕೂ ಸೇರದ ಆ ಲಿವರನ್ನು ಎಳೆದರು, ಬಿಟ್ಟರು, ಮತ್ತೆ ಎಳೆದರು.

"ಬಂತೇನ್ರೀ?"

"ಬಂತು ಕಣೇ."